ಬಣ್ಣ ಮುಖ್ಯವೋ, ಗುರಿ ಮುಖ್ಯವೋ?

ಗುಂಡು ಹಾರಿಸಿದರೆ ಹೊಗೆ ಏಳುತ್ತದೆ. ಹೊಗೆ ಎದ್ದರೆ ಹಡಗಿನ ಬಣ್ಣ ಮಾಸುತ್ತದೆ. ಬಣ್ಣ ಮಾಸಿದರೆ ಮೇಲಧಿಕಾರಿಗೆ ಸಿಟ್ಟು ಬರುತ್ತದೆ. ಆದ್ದರಿಂದ ಗುಂಡು ಹಾರಿಸದಿರುವುದೇ ಕ್ಷೇಮ!

ಇದು ಯಾರೋ ಕಟ್ಟಿದ ನಗೆಹನಿಯಲ್ಲ. 19ನೇ ಶತಮಾನದ ಕೊನೆಯ ದಶಕಗಳಲ್ಲಿ, ಏಳು ಸಮುದ್ರಗಳ ಒಡೆಯನೆಂದು ಬೀಗುತ್ತಿದ್ದ ಬ್ರಿಟಿಷ್ ನೌಕಾಪಡೆಯ ಎಷ್ಟೋ ಹಡಗುಗಳಲ್ಲಿ ವ್ಯವಹಾರ ಹೆಚ್ಚುಕಡಿಮೆ ಹೀಗೇ ನಡೆಯುತ್ತಿತ್ತು. 1805ರ ಟ್ರಫಾಲ್ಗರ್ ಕದನದ ನಂತರ ಸರಿಸಾಟಿಯಾದ ಶತ್ರುವೊಬ್ಬ ಸಮುದ್ರದಲ್ಲಿ ಎದುರಾಗಿರಲಿಲ್ಲ. ಯುದ್ಧವಿಲ್ಲದ ಯುದ್ಧನೌಕೆಗೆ ಕೆಲಸವೇನು? ಉಜ್ಜುವುದು, ತೊಳೆಯುವುದು, ಹಿತ್ತಾಳೆಗೆ ಹೊಳಪು ಕೊಡುವುದು. ಹಡಗನ್ನು ಕನ್ನಡಿಯಂತೆ ಇಟ್ಟುಕೊಂಡವನಿಗೆ ಬಡ್ತಿ. ಸರ್ಕಾರ ಕೊಟ್ಟ ಬಣ್ಣ ಸಾಲದೆ ಸ್ವಂತ ದುಡ್ಡಿನಿಂದ ಬಣ್ಣ ಕೊಂಡು ಬಳಿಸಿದ ಅಧಿಕಾರಿಗಳಿದ್ದರು. ವರ್ಷಕ್ಕೆ ಇಷ್ಟು ಗುಂಡು ಹಾರಿಸಿ ಅಭ್ಯಾಸ ಮಾಡಬೇಕೆಂಬ ನಿಯಮವೇನೋ ಇತ್ತು. ಆ ಗುಂಡುಗಳನ್ನು ಸದ್ದಿಲ್ಲದೆ ಸಮುದ್ರಕ್ಕೆ ತಳ್ಳಿ ಲೆಕ್ಕ ಒಪ್ಪಿಸಿದವರೂ ಇದ್ದರಂತೆ.

ಇಂಥ ನೌಕಾಪಡೆಯೊಳಗೆ ಕುಳಿತು, ‘ಹಾರಿಸಿದ ಗುಂಡುಗಳಲ್ಲಿ ಎಷ್ಟು ತಗುಲಿದವು?’ ಎಂದು ಎಣಿಸಲು ಹೊರಟವನು ಪರ್ಸಿ ಸ್ಕಾಟ್. ಆ ಎಣಿಕೆಯಿಂದ ಅವನಿಗೆ ಹೆಸರು ಬಂತು, ಪದವಿ ಬಂತು. ಬೇಕಾದಷ್ಟು ಶತ್ರುಗಳೂ ಹುಟ್ಟಿಕೊಂಡರು.

ಸ್ಕಾಟ್ ಹುಟ್ಟಿದ್ದು 1853ರಲ್ಲಿ, ಲಂಡನ್ನಿನಲ್ಲಿ. ತಂದೆ ವಕೀಲ. 1866ರಲ್ಲಿ, ಹುಡುಗನಿಗೆ ಇನ್ನೂ 13 ತುಂಬಿತೋ ಇಲ್ಲವೋ, ‘ಬ್ರಿಟಾನಿಯಾ’ ಎಂಬ ತರಬೇತಿ ಹಡಗಿಗೆ ಸೇರಿಸಿದರು. ಏಳನೆಯ ತರಗತಿಯ ಮಗ ಹಾಸ್ಟೆಲಿಗೆ ಹೊರಟರೇ ನಮ್ಮ ತಾಯಂದಿರು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಅಂದಿನ ಇಂಗ್ಲೆಂಡಿನಲ್ಲಿ ಆ ವಯಸ್ಸಿನ ಹುಡುಗರನ್ನು ಸಮುದ್ರಕ್ಕೇ ಒಪ್ಪಿಸಿಬಿಡುತ್ತಿದ್ದರು. ಎರಡು ವರ್ಷದ ಕಲಿಕೆ ಮುಗಿಯುತ್ತಲೂ ಆತ ಹಾಯಿಪಟದ ದೊಡ್ಡ ಹಡಗೊಂದರಲ್ಲಿ ದೂರದ ಕಡಲುಗಳತ್ತ ಹೊರಟ. ಹಾಯಿ ಬಿಚ್ಚುವ, ಸುತ್ತುವ ಚುರುಕುತನದಲ್ಲೇ ಹಡಗಿನ ಮರ್ಯಾದೆಯನ್ನು ಅಳೆಯುತ್ತಿದ್ದ ಕಾಲ ಅದು.

ಮುಂದೆ ಆತ ಆರಿಸಿಕೊಂಡದ್ದು ಫಿರಂಗಿ ವಿದ್ಯೆಯನ್ನು. ಪೋರ್ಟ್ಸ್‌ಮತ್ ಬಂದರಿನ ‘ಎಕ್ಸಲೆಂಟ್’ ಎಂಬ ಫಿರಂಗಿ ಶಾಲೆಯಲ್ಲಿ ಕಲಿತು, ಅಲ್ಲಿಯೇ ಮೇಷ್ಟರಾದ. ಹಳೆಯ ಹಡಗುಗಳಲ್ಲಿ ನಡೆಯುತ್ತಿದ್ದ ಆ ಶಾಲೆಯನ್ನು ನೆಲದ ಮೇಲೆ ತರಬೇಕೆಂದು ಹಟ ಹಿಡಿದವರಲ್ಲಿ ಅವನೂ ಒಬ್ಬ. ಅಲ್ಲಿಗೆ ಹತ್ತಿರದಲ್ಲಿ, ಬಂದರಿನಿಂದ ತೆಗೆದ ಕೆಸರನ್ನು ಸುರಿದು ಸುರಿದು ಬೆಳೆದ ಒಂದು ಗಲೀಜು ದಿಬ್ಬವಿತ್ತು. ಕೈದಿಗಳಿಂದ ಅದನ್ನು ಸಮತಟ್ಟು ಮಾಡಿಸಿದರು. 1891ರಲ್ಲಿ ಶಾಲೆ ಆ ‘ವೇಲ್ ಐಲೆಂಡ್’ಗೆ ಬಂತು. ಸ್ಕಾಟ್‌ನ ಸ್ವಭಾವಕ್ಕೆ ಒಪ್ಪುವ ಕೆಲಸವೇ ಸರಿ. ಕೈಯಿಂದ ಮಾಡುವ ಯಾವ ಕೆಲಸವೂ ಅವನಿಗೆ ಕೀಳಾಗಿ ಕಾಣುತ್ತಿರಲಿಲ್ಲ. ರಾತ್ರಿ ಹಡಗಿನಿಂದ ಹಡಗಿಗೆ ಸುದ್ದಿ ಮುಟ್ಟಿಸುವ ಮಿನುಗುದೀಪದಿಂದ ಹಿಡಿದು ಫಿರಂಗಿಯ ಗಾಲಿಯವರೆಗೆ ಏನನ್ನಾದರೂ ಬಿಚ್ಚಿ, ಜೋಡಿಸಿ, ತಿದ್ದುತ್ತಲೇ ಇರುತ್ತಿದ್ದ.

1896ರಲ್ಲಿ ಅವನಿಗೆ ‘ಸಿಲ್ಲಾ’ ಎಂಬ ಕ್ರೂಸರ್ ಹಡಗಿನ ಅಧಿಪತ್ಯ ಸಿಕ್ಕಿತು. ಅಲ್ಲಿ ನಡೆದದ್ದು ವಿಜ್ಞಾನ ಕಲಿಯುವ ಹುಡುಗರೆಲ್ಲ ತಿಳಿಯಬೇಕಾದ ಸಂಗತಿ.

ಜೋಕಾಲಿ ಆಡುತ್ತಿರುವ ಹುಡುಗನೊಬ್ಬ ಎದುರಿನ ಮರದ ಮಾವಿನಕಾಯಿಗೆ ಕಲ್ಲೆಸೆಯುತ್ತಾನೆ ಎಂದುಕೊಳ್ಳಿ. ಜೋಕಾಲಿ ಮೇಲೇರುತ್ತದೆ, ಕೆಳಗಿಳಿಯುತ್ತದೆ. ಕಾಯಿ ಸರಿಯಾಗಿ ಎದುರಿಗೆ ಬರುವುದು ಒಂದು ಕ್ಷಣ ಮಾತ್ರ. ಆ ಕ್ಷಣಕ್ಕೆ ಕಾದು ಎಸೆಯಬೇಕು. ಮನಸ್ಸು ‘ಎಸೆ’ ಎಂದು ಕೈ ಎಸೆಯುವಷ್ಟರಲ್ಲಿ ಜೋಕಾಲಿ ಮುಂದೆ ಹೋಗಿರುತ್ತದೆ. ಹಡಗಿನ ಗುರಿಕಾರನ ಪಾಡೂ ಇದೇ. ಅಲೆಯ ಮೇಲೆ ಹಡಗು ಹೊರಳುತ್ತಿರುತ್ತದೆ. ಅದರ ಜತೆಗೆ ಫಿರಂಗಿಯ ಮೂತಿಯೂ ಆಕಾಶಕ್ಕೊಮ್ಮೆ ನೀರಿಗೊಮ್ಮೆ ತೂಗುತ್ತಿರುತ್ತದೆ. ಗುರಿ ಕಣ್ಣಿಗೆ ಅಡ್ಡ ಹಾಯುವ ಗಳಿಗೆಯನ್ನು ಊಹಿಸಿ ಕುದುರೆ ಎಳೆಯಬೇಕು. ಮೂರಕ್ಕೆ ಒಂದು ತಗುಲಿದರೆ ಅದೇ ದೊಡ್ಡದು ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಸಮುದ್ರ ಅಲುಗುವುದನ್ನು ಯಾರು ತಪ್ಪಿಸಲಾದೀತು?

1898ರಲ್ಲಿ ಒಂದು ದಿನ ಕಡಲು ಒರಟಾಗಿತ್ತು. ಸಿಲ್ಲಾದ ಗುರಿಕಾರರು ಒಬ್ಬರಾದ ಮೇಲೊಬ್ಬರು ಗುರಿ ತಪ್ಪುತ್ತಿದ್ದರು. ಒಬ್ಬನ ಗುಂಡುಗಳು ಮಾತ್ರ ಉಳಿದವರಿಗಿಂತ ಎಷ್ಟೋ ಚೆನ್ನಾಗಿ ಬೀಳುತ್ತಿದ್ದವು. ಬೇರೆ ಕ್ಯಾಪ್ಟನ್ನನಾಗಿದ್ದರೆ ‘ಶಹಬ್ಬಾಸ್’ ಎಂದು ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದ. ಸ್ಕಾಟ್ ಪಕ್ಕದಲ್ಲಿ ನಿಂತು ಅವನ ಕೈಗಳನ್ನು ನೋಡಿದ. ಆ ಮನುಷ್ಯ ಗೊತ್ತಿದ್ದೋ ಗೊತ್ತಿಲ್ಲದೆಯೋ, ಹಡಗು ಹೊರಳಿದಂತೆಲ್ಲ ಫಿರಂಗಿಯನ್ನು ಏರಿಸಿ ಇಳಿಸುವ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿದ್ದ. ಅಂದರೆ ಹಡಗು ಏನೇ ಕುಣಿಯಲಿ, ಅವನ ಫಿರಂಗಿ ಗುರಿಯನ್ನು ಬಿಡುತ್ತಿರಲಿಲ್ಲ.

ಒಬ್ಬನ ಕೈಗೆ ತಾನಾಗಿ ಬಂದದ್ದನ್ನು ಎಲ್ಲರಿಗೂ ಕಲಿಸಬಹುದಲ್ಲ? ಸ್ಕಾಟ್ ತಡಮಾಡಲಿಲ್ಲ. ಫಿರಂಗಿ ಬೇಗ ಏರಿಳಿಯುವಂತೆ ಹಲ್ಲುಚಕ್ರಗಳನ್ನು ಬದಲಿಸಿದ. ಗುರಿ ಹಿಡಿಯಲು ದುರ್ಬೀನು ಕೂರಿಸಿದ. ಅದೂ ಹೇಗೆ? ಗುಂಡು ಹಾರಿದಾಗ ಫಿರಂಗಿ ಹಿಂದಕ್ಕೆ ಒದೆಯುತ್ತದೆ. ದುರ್ಬೀನು ಅದರ ಜತೆಗೇ ಬಂದು ಕಣ್ಣಿಗೆ ಬಡಿಯಬಾರದು. ಅದಕ್ಕೆ ಬೇರೆಯೇ ಏರ್ಪಾಡು ಮಾಡಿದ. ಜತೆಗೆ ಅಭ್ಯಾಸಕ್ಕೆಂದು ಒಂದು ಆಟಿಗೆಯಂಥ ಉಪಕರಣ ಮಾಡಿಕೊಟ್ಟ. ಫಿರಂಗಿಯ ಮುಂದೆ ಪುಟ್ಟ ಗುರಿಯೊಂದು ಮೇಲೆ ಕೆಳಗೆ ಆಡುತ್ತಿರುತ್ತದೆ; ಗುರಿಕಾರ ಚಕ್ರ ತಿರುಗಿಸುತ್ತ ಅದನ್ನು ಹಿಂಬಾಲಿಸಿ ಕುದುರೆ ಎಳೆಯುತ್ತಾನೆ; ಎಳೆದಾಗ ಪೆನ್ಸಿಲೊಂದು ಕಾಗದದ ಮೇಲೆ ಚುಕ್ಕಿ ಇಡುತ್ತದೆ. ಹಡಗು ಬಂದರಿನಲ್ಲಿ ನಿಂತಿದ್ದರೂ, ಒಂದು ಗುಂಡೂ ಖರ್ಚಾಗದೆ, ದಿನಕ್ಕೆ ಎಷ್ಟು ಸಲ ಬೇಕಾದರೂ ಅಭ್ಯಾಸ. ತಪ್ಪು ಎಲ್ಲಿ ಆಯಿತೆಂದು ಚುಕ್ಕಿಯೇ ಹೇಳುತ್ತದೆ.

1899ರ ವಾರ್ಷಿಕ ಸ್ಪರ್ಧೆಯಲ್ಲಿ ಸಿಲ್ಲಾ 70 ಗುಂಡು ಹಾರಿಸಿತು. 56 ತಗುಲಿದವು. ನೂರಕ್ಕೆ 80! ಅದೇ ಫಿರಂಗಿಗಳು, ಅದೇ ಜನ. ಉಳಿದ ಹಡಗುಗಳವರು ಬಾಯಿ ಬಿಟ್ಟು ನೋಡಿದರು. ನಂಬದವರೂ ಇದ್ದರು.

ಅದೇ ವರ್ಷದ ಕೊನೆಗೆ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಶುರುವಾಯಿತು. ಆಗ ಸ್ಕಾಟ್ ‘ಟೆರಿಬಲ್’ ಎಂಬ ದೊಡ್ಡ ಕ್ರೂಸರಿನ ಕ್ಯಾಪ್ಟನ್. ಬೋಯರರ ಬಳಿ ದೂರಕ್ಕೆ ಹೊಡೆಯುವ ಫಿರಂಗಿಗಳಿದ್ದವು, ಬ್ರಿಟಿಷ್ ಸೈನ್ಯದ ಬಳಿ ಇರಲಿಲ್ಲ. ಹಡಗಿನ ಫಿರಂಗಿಗಳಿದ್ದವು ನಿಜ, ಆದರೆ ಅವಕ್ಕೆ ಗಾಲಿ ಎಲ್ಲಿಂದ ತರುವುದು? ಸ್ಕಾಟ್ ಕಾಗದದ ಮೇಲೆ ಗೆರೆ ಎಳೆದು, ಸೈಮನ್ಸ್‌ಟೌನಿನ ಹಡಗುಕಟ್ಟೆಯಲ್ಲಿ ಮರದ ತೊಲೆ, ಕಬ್ಬಿಣದ ಪಟ್ಟಿ ಕೈಗೆ ಸಿಕ್ಕಂತೆ ಜೋಡಿಸಿ, ಕೆಲವೇ ದಿನಗಳಲ್ಲಿ ಭಾರಿ ಫಿರಂಗಿಗಳನ್ನು ನೆಲದ ಮೇಲೆ ಸಾಗುವಂತೆ ಮಾಡಿಬಿಟ್ಟ. ‘ಪವರ್‌ಫುಲ್’ ಹಡಗಿನ ನಾವಿಕರು ಅವುಗಳಲ್ಲಿ ಕೆಲವನ್ನು ತೆಗೆದುಕೊಂಡು 1899ರ ಅಕ್ಟೋಬರ್ 30ರಂದು ಲೇಡಿಸ್ಮಿತ್ ಪಟ್ಟಣ ತಲುಪಿದರು. ಕೆಲವೇ ದಿನಗಳಲ್ಲಿ ಆ ಊರಿಗೆ ಮುತ್ತಿಗೆ ಬಿತ್ತು. 1900ರ ಫೆಬ್ರವರಿ 28ರಂದು ಮುತ್ತಿಗೆ ತೆರವಾಗುವವರೆಗೂ ಊರು ಉಳಿದುಕೊಂಡಿದ್ದರಲ್ಲಿ ಆ ಫಿರಂಗಿಗಳ ಪಾಲು ದೊಡ್ಡದು. ಸ್ಕಾಟ್ ಆಗ ಡರ್ಬನ್ ಪಟ್ಟಣದ ದಂಡಾಧಿಕಾರಿಯಾಗಿದ್ದ.

ಅಲ್ಲಿಂದ ಟೆರಿಬಲ್ ಚೀನಾದ ಕಡಲಿಗೆ ಹೋಯಿತು. ಆ ಹಡಗಿನವರೂ ಹೊಸ ಪಾಠ ಕಲಿತು ನೂರಕ್ಕೆ 80ರ ಹತ್ತಿರ ಗುರಿ ಹೊಡೆಯತೊಡಗಿದರು. ಅಲ್ಲಿ ಸ್ಕಾಟ್‌ಗೆ ಒಬ್ಬ ಶಿಷ್ಯ ಸಿಕ್ಕಿದ: ಅಮೆರಿಕ ನೌಕಾಪಡೆಯ ಅಧಿಕಾರಿ ವಿಲಿಯಂ ಸಿಮ್ಸ್. ಸ್ವಂತ ನೌಕಾಪಡೆಯವರೇ ಕೇಳದಿದ್ದ ವಿದ್ಯೆಯನ್ನು ಸ್ಕಾಟ್ ಪರದೇಶದವನಿಗೆ ಸಂಕೋಚವಿಲ್ಲದೆ ತೋರಿಸಿಕೊಟ್ಟ.

ಸಿಮ್ಸ್‌ನ ಪಜೀತಿಯೂ ಕೇಳುವಂಥದೇ. 1899ರಲ್ಲಿ ಅಮೆರಿಕದ ಐದು ಯುದ್ಧನೌಕೆಗಳು ಸುಮಾರು ಒಂದೂವರೆ ಕಿಲೋಮೀಟರ್ ದೂರದ ಹಳೆಯ ಹಡಗೊಂದರ ಮೇಲೆ ಒಟ್ಟು 25 ನಿಮಿಷ ಗುಂಡು ಹಾರಿಸಿದ್ದವು. ತಗುಲಿದ್ದು ಎರಡೇ, ಅವೂ ಹಾಯಿಗೆ! ಸಿಮ್ಸ್ ಹೊಸ ವಿಧಾನದ ಬಗ್ಗೆ ವಾಷಿಂಗ್ಟನ್ನಿಗೆ ವರದಿಯ ಮೇಲೆ ವರದಿ ಬರೆದ. ಮೊದಲು ಉತ್ತರವೇ ಇಲ್ಲ. ಕೊನೆಗೆ ಮೇಲಿನವರು ಒಂದು ಪರೀಕ್ಷೆ ನಡೆಸಿ, ‘ಹಡಗಿನ ಹೊರಳಾಟದಷ್ಟು ವೇಗವಾಗಿ ಫಿರಂಗಿಯನ್ನು ತಿರುಗಿಸುವುದು ಮನುಷ್ಯರಿಂದ ಸಾಧ್ಯವಿಲ್ಲ’ ಎಂದು ತೀರ್ಪು ಕೊಟ್ಟರು. ಪರೀಕ್ಷೆ ನಡೆದದ್ದೆಲ್ಲಿ? ಗಟ್ಟಿ ನೆಲದ ಮೇಲೆ! ಹಡಗಿನಲ್ಲಾದರೆ ಭಾರದ ಫಿರಂಗಿ ತನ್ನ ಜಡತ್ವದಿಂದ ಇದ್ದಲ್ಲೇ ಇರಲು ನೋಡುತ್ತದೆ, ಹಡಗು ಅದರ ಕೆಳಗೆ ಹೊರಳುತ್ತದೆ. ಗುರಿಕಾರನ ಶ್ರಮ ಅರ್ಧಕ್ಕರ್ಧ ಕಡಿಮೆ. ನ್ಯೂಟನ್ನನ ಮೊದಲನೆಯ ನಿಯಮವನ್ನು ಬಾಯಿಪಾಠ ಮಾಡಿದ್ದವರಿಗೆ ಅದು ಸಮುದ್ರದ ಮೇಲೂ ನಡೆಯುತ್ತದೆಂದು ಹೊಳೆದಿರಲಿಲ್ಲ. ರೋಸಿಹೋದ ಸಿಮ್ಸ್ 1901ರಲ್ಲಿ ನೇರವಾಗಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ಗೇ ಕಾಗದ ಬರೆದ. ಕೆಲಸ ಹೋಗಬೇಕಿತ್ತು. ರೂಸ್‌ವೆಲ್ಟ್ ಅವನನ್ನು ಕರೆಸಿ ಇಡೀ ನೌಕಾಪಡೆಯ ಗುರಿ ಅಭ್ಯಾಸಕ್ಕೇ ಮೇಲ್ವಿಚಾರಕನನ್ನಾಗಿ ಮಾಡಿದ.

ಸ್ಕಾಟ್‌ಗೂ ಒಂದು ಬೆಂಬಲ ಸಿಕ್ಕಿತು. 1904ರಲ್ಲಿ ನೌಕಾಪಡೆಯ ಮುಖ್ಯಸ್ಥನಾಗಿ ಬಂದ ಅಡ್ಮಿರಲ್ ಜಾನ್ ಫಿಶರ್ ಹಳೆಯದನ್ನೆಲ್ಲ ಗುಡಿಸಿಹಾಕಲು ಹೊರಟ ಮನುಷ್ಯ. 1905ರಲ್ಲಿ ಸ್ಕಾಟ್‌ನನ್ನು ಇಡೀ ಪಡೆಯ ಗುರಿಪರೀಕ್ಷಕನನ್ನಾಗಿ ಮಾಡಿದ. ಶಾಲೆಗೆ ಹೊರಗಿನಿಂದ ಪರೀಕ್ಷಕರು ಬಂದ ಹಾಗಾಯಿತು. ಮನಬಂದಂತೆ ಲೆಕ್ಕ ಬರೆದುಕೊಳ್ಳುತ್ತಿದ್ದ ಕಾಲ ಹೋಗಿ, ಎಲ್ಲ ಹಡಗಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ಅಳತೆಯ ಅಂಕ. ಅಂಕಪಟ್ಟಿ ಹೊರಬೀಳತೊಡಗಿದ ಮೇಲೆ ಕ್ಯಾಪ್ಟನ್‌ಗಳಿಗೆ ಫಿರಂಗಿಯ ನೆನಪಾಯಿತು. 1907ರ ಹೊತ್ತಿಗೆ ಗುರಿಕಾರರ ಪರೀಕ್ಷೆಯಲ್ಲಿ ಹತ್ತಕ್ಕೆ ಏಳೆಂಟು ಗುಂಡು ತಗುಲುತ್ತಿದ್ದವು.

ಇಷ್ಟಕ್ಕೇ ನಿಂತಿದ್ದರೆ ಸ್ಕಾಟ್‌ನ ಕತೆ ನೀತಿಪಾಠದ ಪುಸ್ತಕಕ್ಕೆ ಸರಿಹೋಗುತ್ತಿತ್ತು. ಆದರೆ ಆ ಮನುಷ್ಯನ ನಾಲಿಗೆ ಅವನ ಫಿರಂಗಿಗಿಂತ ಚುರುಕು. ತಾನು ಸರಿ ಎಂದು ಗೊತ್ತಿದ್ದರೆ ಸಾಲದು, ಎದುರಿನವನು ದಡ್ಡ ಎಂಬುದನ್ನೂ ಹೇಳಿಬಿಡಬೇಕು!

1907ರಲ್ಲಿ ಆತ ಕ್ರೂಸರ್ ಪಡೆಯೊಂದರ ನಾಯಕ. ಅವನ ಮುಖ್ಯ ಹಡಗು ‘ಗುಡ್ ಹೋಪ್’. ಮೇಲಧಿಕಾರಿ ಲಾರ್ಡ್ ಚಾರ್ಲ್ಸ್ ಬೆರೆಸ್‌ಫರ್ಡ್, ಫಿಶರ್‌ನ ಬದ್ಧದ್ವೇಷಿ. ಫಿಶರ್‌ನ ಕಡೆಯವನೆಂದ ಮೇಲೆ ಸ್ಕಾಟ್‌ನನ್ನು ಕಂಡರೂ ಆಗದು. ಆ ನವೆಂಬರಿನಲ್ಲಿ ಜರ್ಮನಿಯ ಕೈಸರ್ ಇಂಗ್ಲೆಂಡಿಗೆ ಬರುವವನಿದ್ದ. ಹಡಗುಗಳೆಲ್ಲ 8ನೇ ತಾರೀಖಿನೊಳಗೆ ಬಣ್ಣ ಬಳಿದು ಸಿದ್ಧವಾಗಿರಬೇಕೆಂದು ಬೆರೆಸ್‌ಫರ್ಡ್ ಆಜ್ಞೆ ಮಾಡಿದ. ಸ್ಕಾಟ್‌ನ ಪಡೆಯ ‘ರಾಕ್ಸ್‌ಬರ್ಗ್’ ಹಡಗು ಆಗ ಹೊರಗೆ ಗುರಿ ಅಭ್ಯಾಸದಲ್ಲಿತ್ತು. ಅದನ್ನು ಮುಗಿಸಿ ಬರುತ್ತೇವೆಂದು ಅನುಮತಿ ಕೇಳಿತು. ಸ್ಕಾಟ್ ಕೊಟ್ಟ ಉತ್ತರದ ಸಾರ ಇಷ್ಟು: ಈಗ ಗುರಿಗಿಂತ ಬಣ್ಣಕ್ಕೇ ಬೇಡಿಕೆ ಹೆಚ್ಚಿದ್ದಂತಿದೆ, ಬೇಗ ಬಂದು 8ರೊಳಗೆ ಸಿಂಗಾರ ಮಾಡಿಕೊಳ್ಳಿ.

ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಸಂಕೇತದಲ್ಲಿ ಹಾರಿದ ಮಾತು ಸುತ್ತಮುತ್ತ ಎಲ್ಲರಿಗೂ ತಿಳಿಯುವಂಥದು. ಕೆಲವು ದಿನಗಳ ಮೇಲೆ ಅದು ಬೆರೆಸ್‌ಫರ್ಡ್‌ನ ಕಿವಿಗೆ ಬಿತ್ತು. ಆತ ಸ್ಕಾಟ್‌ನನ್ನು ತನ್ನ ಹಡಗಿಗೆ ಕರೆಸಿ ಇತರ ಅಡ್ಮಿರಲ್‌ಗಳ ಎದುರಿಗೇ ಝಾಡಿಸಿದ. ಆ ಸಂದೇಶವನ್ನು ಹಡಗಿನ ದಾಖಲೆ ಪುಸ್ತಕಗಳಿಂದ ತೆಗೆದುಹಾಕಿಸಿದ. ಇಡೀ ಪಡೆಗೆ ತಿಳಿಯುವಂತೆ ಖಂಡನೆಯನ್ನು ಸಾರಿದ. ಸಾಲದೆಂದು ಸ್ಕಾಟ್‌ನನ್ನು ಕೆಲಸದಿಂದ ತೆಗೆಯಿರೆಂದು ಲಂಡನ್ನಿಗೂ ಬರೆದ. ತೆಗೆಯಲಿಲ್ಲ, ಆಕ್ಷೇಪಣೆ ಮಾತ್ರ ಬಂತು. ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ಮರುವರ್ಷ ಸ್ಕಾಟ್‌ನನ್ನು ಹಡಗುಗಳ ಸಮೇತ ದಕ್ಷಿಣ ಆಫ್ರಿಕ, ದಕ್ಷಿಣ ಅಮೆರಿಕದ ಕಡೆಗೆ ಸಾಗಹಾಕಿದರು. 1909ರಲ್ಲಿ ಮರಳಿದ ಮೇಲೆ ಅವನಿಗೆ ಸಮುದ್ರದಲ್ಲಿ ಇನ್ನೊಂದು ಹುದ್ದೆ ಸಿಗಲೇ ಇಲ್ಲ.

ಬೆರೆಸ್‌ಫರ್ಡ್‌ನನ್ನು ಖಳನಾಯಕನನ್ನಾಗಿ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಶಿಸ್ತನ್ನೇ ಉಸಿರಾಡುವ ಪಡೆಯಲ್ಲಿ ಮೇಲಧಿಕಾರಿಯ ಆಜ್ಞೆಯನ್ನು ಕೆಳಗಿನವರ ಮುಂದೆ ಗೇಲಿ ಮಾಡಿದ್ದು ಸ್ಕಾಟ್‌ನ ತಪ್ಪೇ. ಆ ಒಂದು ಸಾಲಿನ ಕುಹಕಕ್ಕೆ ಬೆಲೆ ತೆತ್ತವನು ಸ್ಕಾಟ್ ಒಬ್ಬನೇ ಅಲ್ಲ ಎಂಬುದು ಮುಂದಿನ ಸಂಗತಿ.

ಆಗ ಅವನ ತಲೆಯಲ್ಲಿದ್ದದ್ದು ಇನ್ನೂ ದೊಡ್ಡ ಯೋಜನೆ. ಹೊಸ ಯುದ್ಧನೌಕೆಗಳು ಹತ್ತು ಕಿಲೋಮೀಟರಿಗೂ ಆಚೆಯ ಶತ್ರುವಿಗೆ ಹೊಡೆಯಬಲ್ಲವಾಗಿದ್ದವು. ಆದರೆ ಕೆಳಗಿನ ಗೋಪುರಗಳಲ್ಲಿ ಕುಳಿತ ಗುರಿಕಾರರಿಗೆ ಹೊಗೆ, ನೀರಿನ ಸಿಂಪಡಿಕೆಗಳ ನಡುವೆ ಏನೂ ಕಾಣದು. ಕೂವೆಮರದ ಮೇಲೆ ಎತ್ತರದಲ್ಲಿ ಒಬ್ಬನೇ ಕುಳಿತು ಗುರಿ ಹಿಡಿಯಲಿ. ಅವನ ಉಪಕರಣ ತಿರುಗಿದಷ್ಟನ್ನು ವಿದ್ಯುತ್ ಮುಳ್ಳುಗಳು ಪ್ರತಿ ಫಿರಂಗಿಗೂ ತೋರಿಸಲಿ. ಅವನು ಗುಂಡಿ ಒತ್ತಿದಾಗ ಎಲ್ಲ ಫಿರಂಗಿಗಳೂ ಒಟ್ಟಿಗೆ ಸಿಡಿಯಲಿ. ಇದಕ್ಕೆ ‘ಡೈರೆಕ್ಟರ್’ ಎಂದು ಹೆಸರು. ಹತ್ತು ಜನ ಹತ್ತು ರಾಗ ಹಾಡುವ ಬದಲು ಒಬ್ಬನ ತಾಳಕ್ಕೆ ಎಲ್ಲರೂ ಹಾಡುವ ಹಾಗೆ. ವರ್ಷಗಟ್ಟಲೆ ಯಾರೂ ಕಿವಿಗೊಡಲಿಲ್ಲ. ಯೋಜನೆಗಿಂತ ಅದನ್ನು ತಂದವನ ಮುಖವೇ ಹಲವರಿಗೆ ಬೇಡವಾಗಿತ್ತು. ಅಡ್ಮಿರಲ್ ಜೆಲಿಕೋನ ಒತ್ತಾಸೆಯಿಂದ 1911ರಲ್ಲಿ ‘ನೆಪ್ಚೂನ್’ ಹಡಗಿನಲ್ಲಿ ಅದು ಪ್ರಯೋಗಕ್ಕೆ ಬಂತು. 1912ರ ನವೆಂಬರಿನಲ್ಲಿ ‘ಥಂಡರರ್’, ‘ಓರಿಯನ್’ ಎಂಬ ಒಂದೇ ಬಗೆಯ ಎರಡು ನೌಕೆಗಳ ನಡುವೆ ಸ್ಪರ್ಧೆ ಏರ್ಪಟ್ಟಿತು. ಡೈರೆಕ್ಟರ್ ಇದ್ದ ಥಂಡರರ್ ಮೂರೂವರೆ ನಿಮಿಷದಲ್ಲಿ ಎದುರಾಳಿಗಿಂತ ಸುಮಾರು ಆರು ಪಟ್ಟು ಗುರಿ ಹೊಡೆಯಿತು.

1913ರಲ್ಲಿ ಸ್ಕಾಟ್‌ಗೆ ಬ್ಯಾರನೆಟ್ ಪದವಿ ಕೊಟ್ಟರು. ಪೂರ್ಣ ಅಡ್ಮಿರಲ್ ಆಗಿ ನಿವೃತ್ತನಾದ. ಸುಮ್ಮನೆ ಕೂರುವ ಜಾತಿಯೇ? 1914ರ ಜೂನ್‌ನಲ್ಲಿ ‘ದಿ ಟೈಮ್ಸ್’ ಪತ್ರಿಕೆಗೆ ಕಾಗದ ಬರೆದ. ಜಲಾಂತರ್ಗಾಮಿ ಬಂದ ಮೇಲೆ ದೊಡ್ಡ ಯುದ್ಧನೌಕೆಗಳ ಕಾಲ ಮುಗಿಯಿತು, ಅವಕ್ಕೆ ದುಡ್ಡು ಸುರಿಯಬೇಡಿ ಎಂಬುದು ಅದರ ತಾತ್ಪರ್ಯ. ಜೀವಮಾನವಿಡೀ ಹಡಗಿನ ಫಿರಂಗಿಯನ್ನೇ ಧ್ಯಾನಿಸಿದವನು ಈಗ ಆ ಹಡಗುಗಳೇ ಬೇಡವೆನ್ನುತ್ತಾನೆ! ಮುದುಕನಿಗೆ ಅರಳುಮರಳು ಎಂಬಂತೆ ನಕ್ಕವರೇ ಹೆಚ್ಚು. ಆಗಸ್ಟ್‌ನಲ್ಲಿ ಮಹಾಯುದ್ಧ ಬಂತು. ಸೆಪ್ಟೆಂಬರ್ 22ರ ಬೆಳಿಗ್ಗೆ ಜರ್ಮನಿಯ ಒಂದೇ ಒಂದು ಸಣ್ಣ ಜಲಾಂತರ್ಗಾಮಿ ಮೂರು ಬ್ರಿಟಿಷ್ ಕ್ರೂಸರ್‌ಗಳನ್ನು ಒಂದೂವರೆ ಗಂಟೆಯೊಳಗೆ ಮುಳುಗಿಸಿತು. ಸತ್ತವರು 1,400ಕ್ಕೂ ಹೆಚ್ಚು. ಸ್ಕಾಟ್ ಹೇಳಿದ್ದೆಲ್ಲ ನಿಜವಾಯಿತೆಂದಲ್ಲ. ದೊಡ್ಡ ನೌಕೆಗಳು ಮುಂದೆಯೂ ದಶಕಗಳ ಕಾಲ ಬಾಳಿದವು. ಆದರೆ ಅಂದು ನಗುವವರಿರಲಿಲ್ಲ.

ಯುದ್ಧ ಬಂದಾಗ ಡೈರೆಕ್ಟರ್ ಅಳವಡಿಸಿದ್ದ ಯುದ್ಧನೌಕೆಗಳು ಎಂಟೇ ಎಂಟು. ಸ್ಕಾಟ್‌ನದೇ ಹಡಗಾಗಿದ್ದ ಗುಡ್ ಹೋಪ್‌ನಲ್ಲಿ ಅದು ಇರಲಿಲ್ಲ. ಅದರಲ್ಲಿದ್ದವರು ಬಹುಪಾಲು ಮೀಸಲು ಪಡೆಯಿಂದ ಅವಸರದಲ್ಲಿ ಕರೆತಂದ ನಾವಿಕರು, ಗುರಿ ಅಭ್ಯಾಸವೂ ಸಾಲದು. 1914ರ ನವೆಂಬರ್ 1ರ ಸಂಜೆ ಚಿಲಿ ದೇಶದ ಕರೊನೆಲ್ ಬಳಿ ಅದು ಜರ್ಮನ್ ಪಡೆಗೆ ಎದುರಾಯಿತು. ಆ ಜರ್ಮನ್ ಹಡಗುಗಳು ಗುರಿ ಹೊಡೆಯುವುದರಲ್ಲಿ ತಮ್ಮ ದೇಶದಲ್ಲೇ ಹೆಸರಾದವು. ಕತ್ತಲಾಗುವಷ್ಟರಲ್ಲಿ ಗುಡ್ ಹೋಪ್ ಸುಮಾರು 900 ಜನರೊಂದಿಗೆ ಮುಳುಗಿತು. ಒಬ್ಬನೂ ಉಳಿಯಲಿಲ್ಲ.

ಸ್ಕಾಟ್‌ನನ್ನು ಮತ್ತೆ ಕೆಲಸಕ್ಕೆ ಕರೆದರು. ಹಳೆಯ ವ್ಯಾಪಾರಿ ಹಡಗುಗಳಿಗೆ ಮರ, ಕ್ಯಾನ್ವಾಸುಗಳಿಂದ ವೇಷ ಹಾಕಿ, ಶತ್ರುವನ್ನು ಬೇಸ್ತು ಬೀಳಿಸುವ ಸುಳ್ಳು ಯುದ್ಧನೌಕೆಗಳನ್ನು ಮಾಡಿಸಿದ. 1915ರ ಸೆಪ್ಟೆಂಬರಿನಲ್ಲಿ ಜರ್ಮನರ ಜೆಪೆಲಿನ್ ಆಕಾಶನೌಕೆಗಳು ಲಂಡನ್ನಿನ ಮೇಲೆ ಬಾಂಬು ಹಾಕಿದಾಗ ಊರಿನ ಫಿರಂಗಿ ರಕ್ಷಣೆಯನ್ನು ಅವನಿಗೆ ವಹಿಸಿದರು. ಕಡತಗಳ ಹಂಗೇ ಇಲ್ಲದೆ ಆತ ಒಬ್ಬ ಅಧಿಕಾರಿಯನ್ನು ನೇರವಾಗಿ ಪ್ಯಾರಿಸ್ಸಿಗೆ ಅಟ್ಟಿ, ಆಕಾಶಕ್ಕೆ ಹೊಡೆಯುವ ಫ್ರೆಂಚ್ ಫಿರಂಗಿಯೊಂದನ್ನು ದಿನಗಳೊಳಗೆ ತರಿಸಿಕೊಂಡ. ವಯಸ್ಸು 60 ದಾಟಿದ್ದರೂ ಅವಸರ ಕಡಿಮೆಯಾಗಿರಲಿಲ್ಲ.

1916ರ ಮೇ 31ರಂದು ಜಟ್‌ಲೆಂಡ್ ಬಳಿ ಎರಡು ದೇಶಗಳ ಮಹಾ ನೌಕಾಪಡೆಗಳು ಸಂಧಿಸಿದವು. ಆ ವೇಳೆಗೆ ಜೆಲಿಕೋನ ಯುದ್ಧನೌಕೆಗಳಲ್ಲಿ ಬಹುತೇಕ ಎಲ್ಲಕ್ಕೂ ಸ್ಕಾಟ್‌ನ ಡೈರೆಕ್ಟರ್ ಬಂದಿತ್ತು. ಅದೇ ಸಂಜೆ ‘ಡಿಫೆನ್ಸ್’ ಎಂಬ ಕ್ರೂಸರ್ ಜರ್ಮನ್ ಗುಂಡುಗಳಿಗೆ ಸಿಕ್ಕಿ ಸಿಡಿದು, ಕ್ಷಣಮಾತ್ರದಲ್ಲಿ ಇದ್ದವರೆಲ್ಲರ ಸಮೇತ ಇಲ್ಲವಾಯಿತು. ಅದರಲ್ಲಿದ್ದ ಎಳೆಯ ಮಿಡ್‌ಶಿಪ್‌ಮನ್‌ಗಳಲ್ಲಿ ಒಬ್ಬ ಸ್ಕಾಟ್‌ನ ಹಿರಿಯ ಮಗ.

1919ರಲ್ಲಿ ಸ್ಕಾಟ್ ನೌಕಾಪಡೆಯ ತನ್ನ 50 ವರ್ಷಗಳ ನೆನಪುಗಳನ್ನು ಪುಸ್ತಕವಾಗಿ ಪ್ರಕಟಿಸಿದ. ಸಿಟ್ಟು ಆರಿರಲಿಲ್ಲ, ಕಾಲಹರಣ ಮಾಡಿದವರನ್ನೆಲ್ಲ ಅದರಲ್ಲಿ ತರಾಟೆಗೆ ತೆಗೆದುಕೊಂಡ. ಯುದ್ಧನೌಕೆಗಳಿಂದ ಏನು ಪ್ರಯೋಜನ ಎಂಬ ವಾದವನ್ನೂ ಬಿಡಲಿಲ್ಲ. 1924ರ ಅಕ್ಟೋಬರಿನಲ್ಲಿ ತೀರಿಕೊಂಡ.

ಅಂದಹಾಗೆ, ಬಣ್ಣದ ಜಗಳಕ್ಕೆ ಕಾರಣವಾದ ಆ ರಾಕ್ಸ್‌ಬರ್ಗ್ ಯುದ್ಧದಲ್ಲಿ ಮುಳುಗದೆ ಉಳಿಯಿತು. 1918ರ ಫೆಬ್ರವರಿಯಲ್ಲಿ ಐರ್ಲೆಂಡಿನ ಉತ್ತರಕ್ಕೆ ಅದು ಜರ್ಮನಿಯ ಜಲಾಂತರ್ಗಾಮಿಯೊಂದನ್ನು ಮುಳುಗಿಸಿತು. ಫಿರಂಗಿಯಿಂದಲ್ಲ, ನೇರವಾಗಿ ಮೇಲೆ ನುಗ್ಗಿ, ಡಿಕ್ಕಿ ಹೊಡೆದು.